ಮೂರು ಹಲಗೆ, ಒಂದು ಕೈ

ಚಿತ್ರದುರ್ಗದ ಗಾಳಿ ಗೊತ್ತಿದ್ದವರು ಕಿಟಕಿಯ ಪಕ್ಕ ಕೂತು ಚಿತ್ರ ಬರೆಯುವುದಿಲ್ಲ. ನನಗೆ ಬೇರೆ ಜಾಗವಿರಲಿಲ್ಲ. ಅಣ್ಣನ ಮನೆಯ ಮುಂದಿನ ಕೋಣೆಗೆ ಬೆಳಕು ಬರುತ್ತಿದ್ದುದು ಆ ಒಂದೇ ಕಿಟಕಿಯಿಂದ. ಗಾಳಿ ಎದ್ದಾಗ ಅದನ್ನು ಮುಚ್ಚುವುದು, ನಿಂತಾಗ ತೆರೆಯುವುದು, ಹಸಿ ಬಣ್ಣದ ಮೇಲೆ ಕೂತ ಧೂಳನ್ನು ಒಣಗಿದ ಮೇಲೆ ಬ್ರೆಡ್ಡಿನ ತಿರುಳಿನಿಂದ ಮೆಲ್ಲಗೆ ಒತ್ತಿ ತೆಗೆಯುವುದು, ಇವೆಲ್ಲ ಕೆಲಸದ ಭಾಗವೇ ಆಗಿದ್ದವು.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು, ಇನ್ನು ಚಿತ್ರ ಬರೆದೇ ಬದುಕುತ್ತೇನೆ ಎಂದು ಹಟ ಹಿಡಿದಿದ್ದೆ. ಊರಿನವರ ಬಾಯಲ್ಲಿ ಮಾತ್ರ ಇನ್ನೂ ಟೀಚರೇ ಆಗಿದ್ದೆ. ಬೇಡ ಎನ್ನಲು ಧೈರ್ಯವಿಲ್ಲದೆ ಒಂದರ ಹಿಂದೆ ಒಂದರಂತೆ ಮೂರು ಕೆಲಸ ಒಪ್ಪಿಕೊಂಡಿದ್ದೆ.

ಮೊದಲನೆಯದು ಬೆಂಗಳೂರಿನ ಪ್ರಕಾಶಕರೊಬ್ಬರ ಮಕ್ಕಳ ಓದುವ ಪುಸ್ತಕ. ನಮ್ಮೂರಿನ ಪ್ರೆಸ್ಸಿನ ಯಜಮಾನರೊಬ್ಬರು ತಾವೇ ಮಾತು ಕೊಟ್ಟು ಅದನ್ನು ನನಗೆ ಕೊಡಿಸಿದ್ದರು. ಕಪ್ಪು ಮಸಿಯ ಗೆರೆಚಿತ್ರಗಳು. ಅಚ್ಚಿನಲ್ಲಿ ಬರುವುದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯಬೇಕು. ಅಚ್ಚಿಗಾಗಿ ಲೋಹದ ಬ್ಲಾಕ್ ಮಾಡುವಾಗ ಚಿಕ್ಕದಾಗಿಸಿದರೆ ಕೈನಡುಕ ಮರೆಯಾಗುತ್ತದೆ. ಆದರೆ ಗೆರೆಗಳು ತೀರ ಒತ್ತೊತ್ತಾಗಿದ್ದರೆ ಒಂದಕ್ಕೊಂದು ಕೂಡಿಕೊಂಡು ಮಸಿಯ ಮುದ್ದೆಯಾಗುತ್ತವೆ.

ಎರಡನೆಯದು ಹಿರಿಯೂರಿನ ಹತ್ತಿರದ ಬಬ್ಬೂರಿನಲ್ಲಿ ಬೆಳೆಗೆ ಬೀಳುವ ಹುಳುಗಳ ಬಗ್ಗೆ ಕೆಲಸ ಮಾಡುತ್ತಿದ್ದ ವಿಜ್ಞಾನಿಯೊಬ್ಬರದು. ಕಡಲೆಕಾಯಿಯನ್ನು ತಿನ್ನುವ ಕಂಬಳಿಹುಳದ ಮೊಟ್ಟೆ, ಮರಿ, ಕೋಶ, ಚಿಟ್ಟೆ ಎಲ್ಲವೂ ಬಣ್ಣದಲ್ಲಿ ಆಗಬೇಕಿತ್ತು. ಕೋಶದಿಂದ ಚಿಟ್ಟೆ ಹೊರಬಂದಾಗ ರೆಕ್ಕೆಯ ಅಂಚಿನಲ್ಲಿ ಒಂದು ಹಳದಿ ಪಟ್ಟಿ ಇರುತ್ತದೆ. ರೈತರು ಗುರುತು ಹಿಡಿಯುವುದು ಅದರಿಂದ. ರೆಕ್ಕೆ ಬಡಿದು ಬಡಿದು ಪುಡಿ ಉದುರುವ ಮೊದಲೇ ಅದನ್ನು ಬರೆದುಕೊಳ್ಳಬೇಕು.

ಮೂರನೆಯದು ಹೊಸದುರ್ಗದಲ್ಲಿ ಒಂದು ಸೇವಾಸಂಘದ ಪರವಾಗಿ ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಡುತ್ತಿದ್ದ ಡಾಕ್ಟರಮ್ಮನದು. ಓದು ಬರಹ ಬಾರದ ಹೆಂಗಸರು ನೋಡಿ ತಿಳಿಯುವಂಥ ಒಂದು ಚಿತ್ರದ ಹಾಳೆ ಅವರಿಗೆ ಬೇಕಿತ್ತು. ಹೆರಿಗೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಅದರಲ್ಲಿರಬೇಕು. "ಗಂಡಸರ ಕೈಲಿ ಇದನ್ನ ಬರೆಸೋಕೆ ಆಗಲ್ಲ ಟೀಚರ್. ನಮ್ಮ ಹೆಂಗಸರು ಮುಖ ಎತ್ತಿ ನೋಡಲ್ಲ," ಎಂದಿದ್ದರು.

ಬಡಗಿಯಿಂದ ಮೂರು ಹಲಗೆ ಮಾಡಿಸಿದೆ. ಒಂದು ಕೆಲಸಕ್ಕೆ ಒಂದು ಹಲಗೆ. ಕಾಗದ ಕಿತ್ತು ಮತ್ತೆ ಅಂಟಿಸುವ ಗೋಜಿಲ್ಲದೆ ಹಲಗೆಯನ್ನೇ ಬದಲಾಯಿಸಿಕೊಳ್ಳುವುದು ನನ್ನ ಉಪಾಯ. ಪ್ರತಿ ಹಲಗೆಗೂ ಬೇರೆ ನಿಬ್ಬು, ಬೇರೆ ಕುಂಚ, ನೀರಿನ ಬೇರೆ ಲೋಟ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಬೇರೆ ಗಂಟು. ಬೆಳಗಿನ ಬೆಳಕಿನಲ್ಲಿ ಬಣ್ಣ ನಿಜವಾಗಿ ಕಾಣುವುದರಿಂದ ಆಗ ಹುಳು. ಬಿಸಿಲೇರಿದ ಮೇಲೆ ಮಕ್ಕಳ ಪುಸ್ತಕ. ಮಧ್ಯಾಹ್ನದ ಊಟವಾದ ಮೇಲೆ ಸೂಲಗಿತ್ತಿಯರ ಹಾಳೆ. ಬೆಳಕು ಇಳಿದರೆ ಕೆಲಸ ಮುಗಿಯಿತು. ಏರ್ಪಾಡು ಬಹಳ ಚೆನ್ನಾಗಿದೆ ಎಂದೇ ನನಗನ್ನಿಸಿತ್ತು.

ಅತ್ತಿಗೆಗೆ ಹಾಗನ್ನಿಸಲಿಲ್ಲ. ಮೂಲೆಯಲ್ಲಿ ಕೋಶಗಳಿಗೆಂದು ಮಣ್ಣು ತುಂಬಿಟ್ಟ ಡಬ್ಬಿ ಕಂಡು ಸೆರಗನ್ನು ಮೂಗಿಗೆ ಹಿಡಿದರು.

"ಮನ್ಯಾಗೆ ಹುಳ ಸಾಕ್ತೀಯಲ್ಲೇ, ಬಂದೋರು ನೋಡಿದ್ರೆ ಏನಂತಾರೆ?"

"ಸಾಕ್ತಿಲ್ಲ ಅತ್ತಿಗೆ. ಚಿತ್ರ ಬರೆಯೋಕೆ."

"ಚಿತ್ರ ಬರೆಯಾಕೆ ಗಿಣಿ ಇಲ್ವ? ಹೂವ ಇಲ್ವ?"

ಹಾಗೆಂದವರೇ ಡಬ್ಬಿಗೆ ಇರುವೆ ಹತ್ತದಂತೆ ಅದನ್ನು ನೀರಿನ ತಟ್ಟೆಯಲ್ಲಿ ಎತ್ತಿಟ್ಟರು.

ಏರ್ಪಾಡು ಕೆಡಲು ಬಹಳ ದಿನ ಬೇಕಾಗಲಿಲ್ಲ. ಬೆಂಗಳೂರಿನಿಂದ ಪುಸ್ತಕದ ಮೊದಲ ಕಂತಿನ ಚಿತ್ರಗಳು ವಾಪಸು ಬಂದವು. ಚಿತ್ರದಲ್ಲಿರುವ ತಾಯಿಯ ಕಾಲಿಗೆ ಚಪ್ಪಲಿ ಇರಲಿ, ಬಾವಿಯ ಬದಲು ನಲ್ಲಿ ಇರಲಿ, ಮಕ್ಕಳ ತಲೆ ಬಾಚಿರಲಿ ಎಂದು ಅವರ ಬೇಡಿಕೆ. ತಾಯಿಯ ಮುಖ ಯಾವಾಗಲೂ ನಗುತ್ತಿರಬೇಕು ಎಂಬುದು ಇನ್ನೊಂದು. ಮಸಿಯ ಚಿತ್ರವನ್ನು ತಿದ್ದುವುದೆಂದರೆ ಬ್ಲೇಡಿನಿಂದ ಹಗುರವಾಗಿ ಕೆರೆದು, ಬಿಳಿಬಣ್ಣ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಬರೆಯಬೇಕು. ಒಂದು ನಲ್ಲಿಗಾಗಿ ಇಡೀ ಹಿತ್ತಿಲನ್ನೇ ಮತ್ತೆ ಬರೆದೆ. ಪುಸ್ತಕ ಮಧ್ಯಾಹ್ನವನ್ನು ನುಂಗಿತು. ಮಧ್ಯಾಹ್ನವೆಂದರೆ ಸೂಲಗಿತ್ತಿಯರ ಪಾಲು.

ಡಾಕ್ಟರಮ್ಮ ಯಾವತ್ತೂ ಅವಸರ ಮಾಡಿದವರಲ್ಲ. ಪ್ರೆಸ್ಸಿನ ಯಜಮಾನರು ವಾರಕ್ಕೆರಡು ಸಲ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಹುಳುಗಳಿಗೆ ಅವುಗಳದೇ ಗಡುವು. ಮುಂದೂಡಬಹುದಾಗಿ ಉಳಿದದ್ದು ಇದೊಂದೇ. ಪೆನ್ಸಿಲ್ಲಿನಲ್ಲಿ ಬರೆದಿಟ್ಟು, ಮಸಿ ಹಾಕುವ ಮೊದಲು ಹೊಸದುರ್ಗಕ್ಕೆ ಒಯ್ದು ನಾಲ್ಕು ಜನ ಸೂಲಗಿತ್ತಿಯರಿಗೆ ತೋರಿಸೋಣ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಆ ಪ್ರಯಾಣವನ್ನು ಒಮ್ಮೆ ಮುಂದೂಡಿದೆ. ಇನ್ನೊಮ್ಮೆಯೂ ಮುಂದೂಡಿದೆ. ಕೊನೆಗೆ ಅವರೇ ಚಿತ್ರದುರ್ಗಕ್ಕೆ ಬಂದಾಗ ಹೇಳಿದರು: "ಹೊಳಲ್ಕೆರೆಯಲ್ಲಿ ಶಿಬಿರ ನಿಗದಿಯಾಗಿದೆ ಟೀಚರ್. ಇನ್ನು ತೋರಿಸಿಕೊಂಡು ಕೂರೋಕೆ ಹೊತ್ತಿಲ್ಲ. ಸೈಕ್ಲೋಸ್ಟೈಲ್ ಮಾಡಿಸಿಬಿಡೋಣ. ಸಣ್ಣಪುಟ್ಟದ್ದು ಆಮೇಲೆ ತಿದ್ದಿದರಾಯ್ತು."

ನಾನೂ ಸರಿ ಎಂದೆ. ಗಾಜಿನ ಮೇಲೆ ಮೇಣದ ಹಾಳೆ ಇಟ್ಟು, ಲೋಹದ ಮೊನೆಯಿಂದ ಗೀರಿ, ಚಿತ್ರಗಳನ್ನೆಲ್ಲ ಅದಕ್ಕೆ ಇಳಿಸಿದೆ. ಮಾಡಬಾರದ್ದರ ಮೇಲೆ ದೊಡ್ಡದಾಗಿ ಎರಡು ಅಡ್ಡಗೆರೆಯ ತಪ್ಪುಗುರುತು, ಮಾಡಬೇಕಾದ್ದರ ಪಕ್ಕದಲ್ಲಿ ಸರಿಗುರುತು. ಮಕ್ಕಳ ಲೆಕ್ಕದ ಪುಸ್ತಕ ತಿದ್ದುವಾಗ ವರ್ಷಗಟ್ಟಲೆ ಹಾಕಿದ ಗುರುತುಗಳೇ ಅವು. ಅವುಗಳ ಬಗ್ಗೆ ನಮಗಿಬ್ಬರಿಗೂ ಯಾವ ಅನುಮಾನವೂ ಬರಲಿಲ್ಲ.

ಹೊಳಲ್ಕೆರೆಯ ಶಿಬಿರ ನಡೆದದ್ದು ಒಂದು ಹಳೆಯ ಛತ್ರದಲ್ಲಿ. ಮೊದಲ ತಂಡದ ತರಬೇತಿಯ ದಿನ ನಾನು ಹೊಸ ಕೋಶಗಳನ್ನು ತರಲು ಹಿರಿಯೂರಿಗೆ ಹೋಗಿದ್ದೆ. ಎರಡನೆಯ ತಂಡ ಬರುವ ಹೊತ್ತಿಗೆ ಹೊಳಲ್ಕೆರೆಗೆ ಹೋದೆ. ಚಾಪೆಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಹೆಚ್ಚಿನವರು ವಯಸ್ಸಾದವರು, ಒಬ್ಬಿಬ್ಬರು ನಡುವಯಸ್ಸಿನವರು. ಡಾಕ್ಟರಮ್ಮ ಮಾತು ಶುರು ಮಾಡುವ ಮೊದಲು, ಸುಮ್ಮನೆ ಕುತೂಹಲಕ್ಕೆ, ಒಂದು ಹಾಳೆ ಎತ್ತಿ ಮುಂದೆ ಕೂತಿದ್ದವಳಿಗೆ ತೋರಿಸಿದೆ.

"ಇದರಲ್ಲಿ ಏನು ಕಾಣ್ತದೆ ಹೇಳಮ್ಮ."

ಅವಳು ಹಾಳೆಯನ್ನು ದೂರ ಹಿಡಿದು ನೋಡಿದಳು. "ಬಸುರಿ ಮಲಗವ್ಳೆ. ಹೊಟ್ಟೆ ಮ್ಯಾಲೆ ಅಡ್ಡಡ್ಡ ಬಟ್ಟೆ ಬಿಗಿದವ್ರೆ. ಸೂಲಗಿತ್ತಿ ಎಲ್ಡೂ ಕೈಯಾಗೆ ಒತ್ತುತಾಳೆ."

"ಬಟ್ಟೆ ಎಲ್ಲಿದೆ?"

ಅವಳ ಬೆರಳು ನೇರವಾಗಿ ನನ್ನ ತಪ್ಪುಗುರುತಿನ ಮೇಲೆ ಹೋಗಿ ನಿಂತಿತು. ಒಂದು ಗೆರೆಯಗುಂಟ ಸವರಿತು, ಆಮೇಲೆ ಇನ್ನೊಂದರಗುಂಟ.

"ಈ ಪಕ್ಕದ ಚಿತ್ರ?"

"ಇವ್ಳು ಸುಮ್ನೆ ಕುಂತವ್ಳೆ. ಮಗ್ಗುಲಾಗೆ ಕುಡುಗೋಲು ಮಡಿಕ್ಕಂಡವ್ಳೆ, ಹೊಕ್ಕಳಬಳ್ಳಿ ಕುಯ್ಯಾಕೆ."

ಅದು ಸರಿಗುರುತು. ಅದರ ಬಾಗು ನಿಜವಾಗಿಯೂ ಕುಡುಗೋಲಿನಂತೆಯೇ ಇತ್ತು. ಅವಳು ಹೇಳುವವರೆಗೆ ನನಗೆ ಅದು ಕಂಡಿರಲಿಲ್ಲ. ಹೇಳಿದ ಮೇಲೆ ಬೇರೇನೂ ಕಾಣಲಿಲ್ಲ. ಹಿಂದಿನ ಸಾಲಿನಿಂದ ಇನ್ನೊಬ್ಬಳು, "ಹೌದವ್ವ, ಕುಡುಗೋಲೇ," ಎಂದಳು. ಮತ್ತೊಬ್ಬಳು ಬ್ಲೇಡು ಹಿಡಿದ ಕೈಯ ಚಿತ್ರ ನೋಡಿ, "ಈ ಕೈ ಯಾರ್ದು, ಯಾಕೆ ಕಡ್ದವ್ರೆ?" ಎಂದು ಕೇಳಿದಳು. ಜಾಗ ಉಳಿಸಲೆಂದು ನಾನು ಮುಂಗೈ ಮಾತ್ರ ಬರೆದಿದ್ದೆ.

ಡಾಕ್ಟರಮ್ಮ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಬಂದರು.

"ಮೊದಲ ತಂಡದವರು ಎಲ್ಲರೂ ಒಂದೊಂದು ಹಾಳೆ ಮನೆಗೆ ತಗೊಂಡು ಹೋಗಿದ್ದಾರೆ."

"ಚಿತ್ರ ತೋರಿಸಿ ಕೇಳಿದಾಗ ಅವರೆಲ್ಲ ಸರಿಯಾಗಿ ಹೇಳಿದರು ಅಂತ ನೀವೇ ಅಂದಿದ್ರಲ್ಲ?"

"ಹೇಳಿದರು. ನಾನು ಬಾಯಲ್ಲಿ ಹೇಳಿದ್ದನ್ನೇ ವಾಪಸು ಹೇಳಿದರು. ಚಿತ್ರ ನೋಡಿ ಹೇಳಿದ್ದಲ್ಲ." ಒಳಗಿನ ಚಾಪೆಗಳ ಕಡೆ ನೋಡಿ ಮತ್ತೆ ಅಂದರು: "ನನ್ನ ಮಾತು ನಾಲ್ಕು ದಿನಕ್ಕೆ ಮರೆತುಹೋಗುತ್ತೆ ಟೀಚರ್. ಹಾಳೆ ಮನೆಯಲ್ಲೇ ಉಳಿಯುತ್ತೆ."

ಮಾರನೆಯ ದಿನ ಪುಸ್ತಕದ ಎರಡನೆಯ ಕಂತನ್ನು ನಾನು ಪ್ರೆಸ್ಸಿಗೆ ಮುಟ್ಟಿಸಬೇಕಿತ್ತು. ಚಿತ್ರಗಳಿಗೆ ಮಸಿ ಹಾಕುವುದು ಇನ್ನೂ ಬಾಕಿಯಿತ್ತು. ಬಸ್ಸು ಹತ್ತಿ ಮನೆಗೆ ಹೋಗಿದ್ದರೆ ಹೇಗೋ ಮುಗಿಸಬಹುದಿತ್ತು. ಹಾಳೆಗಳನ್ನು ತಾನು ಮತ್ತು ಶಿಬಿರಕ್ಕೆ ಬಂದಿದ್ದ ನರ್ಸಮ್ಮ ಹೋಗಿ ತರುತ್ತೇವೆ ಎಂದು ಡಾಕ್ಟರಮ್ಮ ಹೇಳಿಯೂ ಹೇಳಿದರು. ಬಸ್ ಸ್ಟ್ಯಾಂಡಿಗೆ ಹೋದೆ. ಚಿತ್ರದುರ್ಗದ ಬಸ್ಸು ನಿಂತಿತ್ತು. ಕಂಡಕ್ಟರ್ ಪರಿಚಯದವರು. ಅವರ ಕೈಯಲ್ಲಿ ಪ್ರೆಸ್ಸಿನ ಯಜಮಾನರಿಗೆ, ನಾಳೆ ಬರಲಾಗುವುದಿಲ್ಲ, ಕ್ಷಮಿಸಬೇಕು ಎಂದು ಹೇಳಿ ಕಳಿಸಿ ಛತ್ರಕ್ಕೆ ವಾಪಸು ನಡೆದೆ. ನಾನು ಧೈರ್ಯವಂತೆ ಎಂದಲ್ಲ. ಮನೆಯಲ್ಲಿ ಕೂತು ನಗುವ ತಾಯಿಗೆ ಚಪ್ಪಲಿ ಬರೆಯಲು ನನ್ನ ಕೈ ಏಳುವುದಿಲ್ಲ ಎಂಬುದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು, ಅಷ್ಟೇ.

ಎರಡನೆಯ ತಂಡದವರನ್ನು ಮುಂದಿನ ವಾರ ಬರಲು ಹೇಳಿ ಕಳಿಸಿದೆವು. ನರ್ಸಮ್ಮ ಒಂದು ದಿಕ್ಕಿಗೆ, ನಾನು ಮತ್ತು ಡಾಕ್ಟರಮ್ಮ ಇನ್ನೊಂದು ದಿಕ್ಕಿಗೆ ಹೊರಟೆವು. ಬಸ್ಸು ಇದ್ದಲ್ಲಿ ಬಸ್ಸು, ಉಳಿದದ್ದು ನಡಿಗೆ. ಒಬ್ಬಳು ಹಾಳೆಯನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದಳು. ಇನ್ನೊಬ್ಬಳ ಮನೆಯಲ್ಲಿ ಅದು ಉಪ್ಪಿನಕಾಯಿ ಜಾಡಿಯ ಬಾಯಿ ಮುಚ್ಚಿತ್ತು. ಅದನ್ನು ನೋಡಿ ನನಗಾದ ಸಮಾಧಾನ ಹೇಳತೀರದು. ಎಲ್ಲೂ ಯಾರೂ ಜಗಳವಾಡಲಿಲ್ಲ. ಬೇರೆ ಹಾಳೆ ಕೊಡುತ್ತೇವೆ ಎಂದರೆ ಕೊಟ್ಟುಬಿಡುತ್ತಿದ್ದರು.

ಮಾರನೆಯ ದಿನ ಉಳಿದದ್ದು ಒಂದೇ ಹಾಳೆ. ಊರಾಚೆಗೆ ಕುರಿ ಸಾಕುವವರ ಹಟ್ಟಿಯಲ್ಲಿದ್ದ ಒಬ್ಬ ಅಜ್ಜಿಯದು. ಹೋದರೆ ಬಾಗಿಲು ಮುಚ್ಚಿತ್ತು. ಪಕ್ಕದ ಮನೆಯವಳು ಗೋಡೆಯಾಚೆಯಿಂದ ಹೇಳಿದಳು:

"ಅಜ್ಜಿ ಹೆರಿಗೆ ಮಾಡ್ಸಾಕೆ ಹೋಗೈತ್ರಿ, ಆಚೆ ಹಟ್ಟಿಗೆ. ನೀವು ಕೊಟ್ಟ ಚಿತ್ರಾನೂ ಮಡಚ್ಕಂಡು ಸೆರಗಿನಾಗೆ ಕಟ್ಕಂಡು ಹೋತು."

ಆಚೆಯ ಹಟ್ಟಿ ಕಣ್ಣಿಗೆ ಕಾಣುವಷ್ಟೇ ದೂರವಿತ್ತು, ಆದರೆ ನಡುವೆ ಉತ್ತ ಹೊಲ. ಡಾಕ್ಟರಮ್ಮ ಸೀರೆಯನ್ನು ಎತ್ತಿ ಕಟ್ಟಿಕೊಂಡು ಹೆಂಟೆಗಳ ಮೇಲೆ ಹೆಚ್ಚುಕಡಿಮೆ ಓಡಿದರು. ಅವರ ಚೀಲ ಹೊತ್ತು ನಾನು ಹಿಂದೆ ಬಿದ್ದೆ. ಮನೆಯ ಮುಂದೆ ಹೆಂಗಸರು ನಿಂತಿದ್ದರು. ಒಳಗಿನಿಂದ ನರಳುವ ಸದ್ದು ಬರುತ್ತಿತ್ತು.

ನಾನು ಹೊಸ್ತಿಲಲ್ಲೇ ನಿಂತೆ. ಒಳಗೆ ಕತ್ತಲಿಗೆ ಕಣ್ಣು ಹೊಂದಿಕೊಂಡಾಗ ಮೊದಲು ಕಂಡದ್ದು ನನ್ನ ಹಾಳೆ. ಮಲಗಿದ್ದ ಹುಡುಗಿಯ ತಲೆಯ ಮೇಲುಗಡೆ ಗೋಡೆಗೆ ರಾಗಿ ಅಂಬಲಿಯಲ್ಲಿ ಅಂಟಿಸಿದ್ದರು. ಅಜ್ಜಿ ಅವಳ ಮಂಡಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಉದ್ದಕ್ಕೆ ಹರಿದು ಸುತ್ತಿಟ್ಟ ಹಳೆಯ ಸೀರೆಯ ಪಟ್ಟಿ.

"ಬರ್ರಿ ಡಾಕ್ಟ್ರವ್ವ, ಒಳ್ಳೆ ಹೊತ್ತಿಗೆ ಬಂದ್ರಿ," ಎಂದಳು ಅಜ್ಜಿ. "ನೋವು ಸಾಲ್ದು. ನಿಮ್ಮ ಚಿತ್ರದಾಗೆ ಐತಲ್ಲ, ಹಂಗೆ ಬಟ್ಟೆ ಬಿಗಿದು ಒತ್ತಾಣ ಅಂತಿದ್ದೆ."

"ಬೇಡ ಅಜ್ಜಿ. ಒತ್ತಬೇಡಿ. ಸ್ವಲ್ಪ ಸರೀರಿ, ನಾನು ನೋಡ್ತೀನಿ." ಡಾಕ್ಟರಮ್ಮನ ದನಿ ಮೆತ್ತಗಿತ್ತು. ಬಟ್ಟೆಯ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ, ಚೀಲಕ್ಕೆ ನನ್ನತ್ತ ಕೈಯೊಡ್ಡಿದರು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಹೊತ್ತು ಹೇಗೆ ಹೋಯಿತೋ ತಿಳಿಯದು. ಸಂಜೆ ಕುರಿಗಳು ಹಟ್ಟಿಗೆ ತಿರುಗುವ ಹೊತ್ತಿಗೆ ಒಳಗಿನಿಂದ ಮಗುವಿನ ಅಳು ಕೇಳಿಸಿತು. ಗಂಡುಮಗು, ತಾಯಿ ಚೆನ್ನಾಗಿದ್ದಾಳೆ ಎಂದರು. ಬಾಗಿಲಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಮಾತಾಡತೊಡಗಿದರು.

ಡಾಕ್ಟರಮ್ಮ ಗೋಡೆಯ ಹಾಳೆಯನ್ನು ಉಗುರಿನಿಂದ ಎಬ್ಬಿಸತೊಡಗಿದಾಗ ಅಜ್ಜಿ ಅಡ್ಡ ಬಂದಳು.

"ಕೊಟ್ಟಿದ್ನ ಕಿತ್ಕಂತಾರೇನವ್ವ? ನಾನೇನು ತಪ್ಪು ಮಾಡ್ದೆ?"

"ನೀವೇನೂ ತಪ್ಪು ಮಾಡಿಲ್ಲ ಅಜ್ಜಿ. ಚಿತ್ರ ಸರಿಯಿಲ್ಲ."

"ಯಾರು ಬರ್ದಿದ್ದು?"

"ನಾನು," ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹಾಳೆಯನ್ನು ನೋಡಿದಳು. "ಚೆಂದಾಗಿ ಬರ್ದೀಯ ಕಣವ್ವ. ಇಷ್ಟು ಚೆಂದ ಐತೆ, ಮತ್ಯಾಕೆ ಸರಿಯಿಲ್ಲ?"

ನಾನು ಹಾಳೆಯ ಇನ್ನೊಂದು ಮೂಲೆಯನ್ನು ಉಗುರಿನಿಂದ ಎಬ್ಬಿಸತೊಡಗಿದೆ.

ಚಿತ್ರದುರ್ಗಕ್ಕೆ ಬಂದಾಗ ಅತ್ತಿಗೆ ಬಾಗಿಲಲ್ಲೇ ಎರಡು ಸುದ್ದಿ ಕೊಟ್ಟರು. ಡಬ್ಬಿಯಲ್ಲಿ ಚಿಟ್ಟೆಗಳು ಹೊರಬಂದಿದ್ದವು. ಮುಚ್ಚಳ ತೆಗೆಯಲು ಹೆದರಿ ಅವರು ಹಾಗೇ ಬಿಟ್ಟಿದ್ದರು. ತೆಗೆದು ನೋಡಿದರೆ ರೆಕ್ಕೆಗಳು ತಗಡಿಗೆ ಬಡಿದು ಬಡಿದು ಚಿಂದಿಯಾಗಿದ್ದವು. ಹಳದಿ ಪಟ್ಟಿ ಡಬ್ಬಿಯ ತಳದಲ್ಲಿ ಪುಡಿಯಾಗಿ ಬಿದ್ದಿತ್ತು. ಇನ್ನೊಂದು ಸುದ್ದಿ, ಪ್ರೆಸ್ಸಿನ ಯಜಮಾನರು ಎರಡು ಸಲ ಬಂದು ಹೋಗಿದ್ದರು. ನಾನು ಕೈಕಾಲು ತೊಳೆಯುವಷ್ಟರಲ್ಲಿ ಮೂರನೆಯ ಸಲ ಬಂದರು.

ಅವರು ಕೂಗಾಡುವವರಲ್ಲ. ಕುರ್ಚಿಯ ಅಂಚಿನಲ್ಲಿ ಕೂತು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡರು.

"ನಿನ್ನ ನಂಬಿ ನಾನು ಬೆಂಗಳೂರ್ನೋರಿಗೆ ಮಾತು ಕೊಟ್ಟಿದ್ದೆ ಕಣಮ್ಮ. ಬ್ಲಾಕ್ ಮಾಡೋರು ಕಾಯ್ತಾ ಕುಂತವ್ರೆ."

"ಗೊತ್ತು. ನನ್ನಿಂದ ತಡವಾಯ್ತು."

"ಆಗಿದ್ದಾಯ್ತು. ಈಗ ಬ್ಯಾರೆ ಎಲ್ಲಾ ಎತ್ತಿಟ್ಟು ಇದೊಂದು ಮಾಡಿ ಕೊಡು. ಆ ಸೂಲಗಿತ್ತೇರ್ದು ಸೇವೆ ಕೆಲ್ಸ, ಅದೇನು ಇವತ್ತೇ ಆಗ್ಬೇಕಾ? ಕಾಯ್ತೈತೆ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದು ಕಾಯುವ ಕೆಲಸವೇ. ಯಾರೂ ಅದಕ್ಕಾಗಿ ಬಾಗಿಲಿಗೆ ಬಂದು ಕೆಮ್ಮುವುದಿಲ್ಲ. ಇಷ್ಟು ದಿನ ಅದು ಕಾದದ್ದರಿಂದಲೇ ಆ ಬಟ್ಟೆಯ ಪಟ್ಟಿ ಆ ಹುಡುಗಿಯ ಪಕ್ಕದವರೆಗೆ ಬಂದಿತ್ತು. ಮೂರು ಕೆಲಸಕ್ಕೆ ಮೂರು ಹಲಗೆ ಮಾಡಿಸಿದ್ದೆನೇ ಹೊರತು ಯಾವುದನ್ನು ಮುಂದೂಡಿದರೆ ಯಾರಿಗೆ ಏನಾಗುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಪುಸ್ತಕದ ಗಂಟನ್ನು ಬಿಚ್ಚಿದೆ. ಮುಗಿದ ಚಿತ್ರಗಳು, ಪೆನ್ಸಿಲ್ಲಿನವು, ಪಾಠಗಳ ಪ್ರತಿ ಎಲ್ಲವನ್ನೂ ಬೇರೆ ಬೇರೆ ಜೋಡಿಸಿ ಅವರ ಮುಂದೆ ಇಟ್ಟೆ.

"ಪೆನ್ಸಿಲ್ಲಿನದಕ್ಕೆ ಯಾರಾದರೂ ಮಸಿ ಹಾಕಬಹುದು. ಉಳಿದದ್ದನ್ನು ಬೇರೆಯವರ ಕೈಲಿ ಬರೆಸಿ. ನನ್ನ ಹೆಸರು ಹಾಕೋದು ಬೇಡ."

ಅವರು ಬಹಳ ಹೊತ್ತು ಚಿತ್ರಗಳನ್ನು ನೋಡುತ್ತಾ ಕೂತರು. "ಯೋಚ್ನೆ ಮಾಡಿ ಹೇಳು ತಾಯಿ. ಈ ಬಾಗ್ಲು ಒಂದ್ಸಲ ಮುಚ್ಚಿದ್ರೆ ಮತ್ತೆ ತೆಗೆಯಲ್ಲ."

"ಯೋಚನೆ ಮಾಡಿದ್ದೀನಿ."

ಅವರು ಟೋಪಿ ಹಾಕಿಕೊಂಡು ಎದ್ದರು. ಹೇಳಿದಂತೆ ಆ ಬಾಗಿಲು ಮತ್ತೆ ತೆರೆಯಲಿಲ್ಲ. ಬೆಂಗಳೂರಿನ ಯಾವ ಪ್ರಕಾಶಕರಿಂದಲೂ ಆಮೇಲೆ ನನಗೆ ಕೆಲಸ ಬರಲಿಲ್ಲ. ಅಣ್ಣ ಆ ವಾರವೆಲ್ಲ ನನ್ನೊಡನೆ ಮಾತಾಡಲಿಲ್ಲ. ಖಾಲಿಯಾದ ಹಲಗೆಯನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಅದರ ಬೆನ್ನು ನೋಡುತ್ತಾ ಕೂತಿರುತ್ತಿದ್ದೆ. ಸರಿಯಾದದ್ದನ್ನು ಮಾಡಿದೆ ಎಂಬ ಹಗುರ ನನಗಾಗಲಿಲ್ಲ.

ಬಬ್ಬೂರಿಗೆ ಹೋಗಿ ವಿಜ್ಞಾನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಅವರು ನಕ್ಕರು. "ಹುಳಕ್ಕೆ ನಮ್ಮ ಟೈಂಟೇಬಲ್ ಗೊತ್ತಿಲ್ಲ ಟೀಚರೇ." ಪೆಟ್ಟಿಗೆಯಿಂದ ಗುಂಡುಸೂಜಿ ಚುಚ್ಚಿ ಒಣಗಿಸಿಟ್ಟ ಚಿಟ್ಟೆಯೊಂದನ್ನು ತೆಗೆದುಕೊಟ್ಟರು. ಬಣ್ಣ ಸ್ವಲ್ಪ ಮಾಸಿತ್ತು. ಅದನ್ನೇ ನೋಡಿ ಮುಗಿಸಿದೆ. ಅವರು ಒಪ್ಪಿದರು, ಆದರೆ ಆ ಹಳದಿ ನಾನು ನೋಡಬೇಕಾಗಿದ್ದ ಹಳದಿಯಲ್ಲ ಎಂಬ ಕೊರಗು ನನಗೆ ಉಳಿಯಿತು.

ಆಮೇಲೆ ಉಳಿದದ್ದು ಒಂದೇ ಹಲಗೆ. ಡಾಕ್ಟರಮ್ಮನೂ ನಾನೂ ಕೂತು ಕೆಲವು ನಿಯಮ ಮಾಡಿಕೊಂಡೆವು. ಯಾವ ಗುರುತೂ ಇಲ್ಲ. ಮಾಡಬಾರದ್ದನ್ನು ಬರೆಯುವುದೇ ಇಲ್ಲ, ಮಾಡಬೇಕಾದ್ದು ಮಾತ್ರ. ಒಂದು ಹಾಳೆಗೆ ಒಂದೇ ಸಂಗತಿ. ಕೈ ಇದ್ದರೆ ಅದಕ್ಕೊಂದು ಮೈ ಇರಬೇಕು, ಮುಖ ಇರಬೇಕು. ಪೆನ್ಸಿಲ್ಲಿನಲ್ಲಿರುವಾಗಲೇ ಹೆಂಗಸರಿಗೆ ತೋರಿಸಬೇಕು, ಏನನ್ನೂ ಹೇಳಿಕೊಡದೆ ಕೇಳಬೇಕು.

ಮೊದಲು ತೋರಿಸಿದ್ದು ಅತ್ತಿಗೆಗೆ. ಹೆರುತ್ತಿರುವ ಹೆಂಗಸಿನ ಚಿತ್ರ ನೋಡಿ ಅವರು ಪಕ್ಕೆ ಹಿಡಿದುಕೊಂಡು ನಕ್ಕರು.

"ಇವ್ಳೇನೇ, ನೋವು ತಿನ್ತಿರೋಳೋ, ಮದುವೆಗೆ ಹೊಂಟೋಳೋ? ಮುಖದಾಗೆ ನಗು ಐತಲ್ಲ!"

ನೋಡಿದರೆ ಹೌದು. ಮಕ್ಕಳ ಪುಸ್ತಕದ ತಾಯಿ ಅಲ್ಲಿಂದ ಇಲ್ಲಿಗೆ ಬಂದು ಮಲಗಿಬಿಟ್ಟಿದ್ದಳು. ವಾರಗಟ್ಟಲೆ ನಗುವ ತಾಯಿಯನ್ನು ತಿದ್ದಿ ತಿದ್ದಿ ಬರೆದ ಕೈ ಅದು. ಹಲಗೆ, ನಿಬ್ಬು, ಲೋಟ ಎಲ್ಲ ಬೇರೆ ಮಾಡಿದ್ದೆ. ಕೈ ಮಾತ್ರ ಒಂದೇ ಆಗಿತ್ತು. ನಾನು ಹೆರಿಗೆಯನ್ನು ಕಂಡವಳೂ ಅಲ್ಲ, ಹೆತ್ತವಳೂ ಅಲ್ಲ. ಅತ್ತಿ‌ಗೆ ಚಾಪೆಯ ಮೇಲೆ ಮಲಗಿ, ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ ತೋರಿಸಿದರು. "ಹಿಂಗೆ ನೋಡು. ಬರ್ಕ. ಬೇಗ ಬರ್ಕ, ಒಲೆ ಮ್ಯಾಲೆ ಸಾರು ಐತೆ." ಆ ಮುಖವೇ ಹಾಳೆಗೆ ಬಂತು.

ಅಲ್ಲಿಂದ ಬೀದಿಯ ನಲ್ಲಿಯ ಹತ್ತಿರ, ಸಂತೆಯಲ್ಲಿ ತರಕಾರಿ ಮಾರುವವರ ಹತ್ತಿರ, ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಗು ಎತ್ತಿಕೊಂಡು ಕೂತವರ ಹತ್ತಿರ ಒಯ್ದೆವು. ಬ್ಲೇಡು ಕುದಿಸುವ ಪಾತ್ರೆಯ ಮೇಲೆ ಹಬೆಗೆಂದು ಬರೆದ ಸುರುಳಿಗೆರೆಗಳನ್ನು ಕೆಲವರು ಹಾವಿನ ಮರಿಗಳೆಂದರು. ಹಬೆ ಬಿಟ್ಟು, ಒಲೆಯಲ್ಲಿ ಉರಿಯುವ ಸೌದೆ ಮತ್ತು ನೀರಿನಲ್ಲಿ ಗುಳ್ಳೆ ಬರೆದೆ. ರಕ್ತಸ್ರಾವಕ್ಕೆ ಹಾಕಿದ್ದ ಚುಕ್ಕೆಗಳು ರಾಗಿಯಂತೆ ಕಂಡವು. ಕಪ್ಪು ಮಸಿಯಲ್ಲಿ ರಕ್ತ ಬರುವುದಿಲ್ಲ ಎಂಬುದು ಸ್ಪಷ್ಟವಾಯಿತು. ಕೊನೆಗೆ ಪ್ರತಿಯೊಂದು ಹಾಳೆಗೂ ಕೈಯಿಂದಲೇ ಕುಂಚದಲ್ಲಿ ಕೆಂಪು ಹಚ್ಚುವುದೆಂದು ತೀರ್ಮಾನಿಸಿದೆವು. ಆಷಾಢದ ಗಾಳಿ ಶುರುವಾಗಿತ್ತು. ಕಿಟಕಿ ಮುಚ್ಚಿ, ಬಾಗಿಲ ಸಂದಿಯ ಬೆಳಕಿನಲ್ಲಿ ನಾನೂ ಅತ್ತಿಗೆಯೂ ಎದುರು ಬದುರು ಕೂತು, ತೋರಿಸಲು ಒಯ್ಯುವ ಪ್ರತಿಗಳಿಗೆ ಕೆಂಪು ಹಚ್ಚಿದೆವು.

ಅಚ್ಚು ಹಾಕಿಸುವ ಮೊದಲು ಒಬ್ಬರಿಗೆ ತೋರಿಸುವುದು ಬಾಕಿ ಇತ್ತು. ಡಾಕ್ಟರಮ್ಮನೊಡನೆ ಮತ್ತೆ ಕುರಿ ಹಟ್ಟಿಗೆ ಹೋದೆ. ಅಜ್ಜಿ ಅಂಗಳದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ನಮ್ಮನ್ನು ನೋಡಿಯೂ ನೋಡದಂತೆ ಸ್ವಲ್ಪ ಹೊತ್ತು ಕೇರಿದಳು.

"ಮತ್ತೆ ಕಿತ್ಕಳಾಕೆ ಬಂದ್ರೇನು?"

"ಇಲ್ಲ ಅಜ್ಜಿ, ತೋರಿಸೋಕೆ ಬಂದಿದ್ದೀವಿ," ಎಂದರು ಡಾಕ್ಟರಮ್ಮ. "ಇದರಲ್ಲಿ ಏನೈತೆ ನೀವೇ ಹೇಳಬೇಕು. ನಾವು ಬಾಯಿ ಬಿಡಲ್ಲ."

"ಕುಂತ್ಕಳ್ರಿ ಅಂಗಾದ್ರೆ."

ಮೊರ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒಂದೊಂದನ್ನೇ ಎತ್ತಿ ಹೇಳತೊಡಗಿದಳು. ಇವಳು ಸೋಪು ಹಾಕಿ ಕೈ ತೊಳೀತಾಳೆ. ಇವಳು ಬ್ಲೇಡು ಕುದಿಸ್ತಾಳೆ. ಇಲ್ಲಿ ಸುಮ್ಮನೆ ಕಾಯ್ತಾಳೆ, ಬೆನ್ನು ನೀವುತಾಳೆ. ಇಲ್ಲಿ ಕೂಸು ಬಂತು, ಒಣ ಬಟ್ಟೆಯಾಗೆ ಸುತ್ತಿದ್ಲು. ಎಲ್ಲೂ ತಡವರಿಸಲಿಲ್ಲ. ಯಾವುದೋ ಊರಿನ ಯಾರದೋ ಮನೆಯಲ್ಲಿ ತಾನೇ ಕಂಡದ್ದನ್ನು ಹೇಳುವಂತೆ ಹೇಳಿದಳು. ಡಾಕ್ಟರಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಕೊನೆಯ ಹಾಳೆ ಬಂತು. ಹೆತ್ತ ಮೇಲೆ ರಕ್ತ ನಿಲ್ಲದೆ ಮಲಗಿರುವವಳು. ಅಜ್ಜಿ ಮಾತು ನಿಲ್ಲಿಸಿದಳು. ಕೆಂಪು ಬಣ್ಣದ ಮೇಲೆ ಅಂಗೈ ಇಟ್ಟಳು.

"ಇದು ನನ್ನ ಮಗಳು," ಎಂದಳು.

ಡಾಕ್ಟರಮ್ಮ ನನ್ನ ಕೈ ಬಿಟ್ಟು ಅಜ್ಜಿಯ ಹತ್ತಿರಕ್ಕೆ ಸರಿದು ಕೂತರು.

"ಹಿಂಗೇ ಹೋತು. ಸೀರೆ ಮ್ಯಾಲೆ ಸೀರೆ ಹಾಸಿದ್ವಿ. ನಿಂತೀತು, ಈಗ ನಿಂತೀತು ಅಂತ ಕುಂತಿದ್ವಿ. ಊರು ತುಂಬ ಹೆರಿಗೆ ಮಾಡ್ಸಿದ ಕೈ ಇದು, ನೋಡ್ರಿ." ಅಂಗೈಯನ್ನು ಎತ್ತಿ ನಮಗೆ ತೋರಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಖಾಲಿ.

"ಮುಂದಿನ ಹಾಳೆ ಎಲ್ಲಿ?"

"ಅಷ್ಟೇ ಅಜ್ಜಿ," ಎಂದೆ. ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದು ನಾವು ಬಿಟ್ಟಿದ್ದೆವು.

"ಅಷ್ಟೇನಾ? ಇಲ್ಲಿಗೆ ಬಿಟ್ರೆ ಹೆಂಗವ್ವ? ಇವ್ಳನ್ನ ಹಿಂಗೇ ಮಲಗ್ಸಿ ಎದ್ದು ಹೋಗ್ತೀರಾ?" ಹಾಳೆಯನ್ನು ನನ್ನ ಮಡಿಲಿಗೆ ಹಾಕಿದಳು. "ಗಾಡಿ ಕಟ್ಟು."

ಚೀಲದಿಂದ ಪೆನ್ಸಿಲ್ ತೆಗೆದೆ. ಆ ಖಾಲಿ ಬೆನ್ನಿನ ಮೇಲೆಯೇ ಚಕ್ರ ಬರೆದೆ, ನೊಗ ಬರೆದೆ, ಎತ್ತು ಬರೆದೆ. ಅವಳು ನನ್ನ ಭುಜದ ಮೇಲಿನಿಂದ ಬಗ್ಗಿ ನೋಡುತ್ತಿದ್ದಳು.

"ಹುಲ್ಲು ಹಾಸು, ದಪ್ಪಗೆ. ಕಾಲು ಮ್ಯಾಲಿರ್ಲಿ ಅಂತ ಶಿಬಿರದಾಗೆ ಡಾಕ್ಟ್ರವ್ವ ಹೇಳಿದ್ರು, ಕಾಲಡಿಗೆ ಗಂಟು ಇಡು. ಹೊದಿಸು."

ಹೊದಿಸಿದೆ.

"ಕೂಸನ್ನ ಯಾರು ಎತ್ಕಂಡವ್ರೆ? ಯಾರೂ ಇಲ್ವ? ನಾನು ಕುಂತ್ಕಂತೀನಿ, ನನ್ನ ಬರಿ."

ಅವಳನ್ನು ಬರೆದೆ. ಬಾಗಿದ ಬೆನ್ನು, ಕಂಬಳಿ, ತೊಡೆಯ ಮೇಲೆ ಕೂಸು, ಒಂದು ಕೈ ಮಗಳ ಹಣೆಯ ಮೇಲೆ. ಅಜ್ಜಿ ಬಹಳ ಹೊತ್ತು ನೋಡಿದಳು. ತೃಪ್ತಿಯಾಯಿತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಕೊನೆಗೆ ಬೆರಳಿನಿಂದ ಎತ್ತಿನ ಬೆನ್ನನ್ನು ತಟ್ಟಿದಳು.

"ಗಾಡಿ ಹೊಡೀರಿ ಇನ್ನ, ಯಾಕೆ ನಿಂತೀರಿ?" ಎಂದಳು.